ಹೆಜ್ಜೆಯ ಲೆಕ್ಕ, ಹಣದ ಲೆಕ್ಕ: ದಾನಕ್ಕಾಗಿ ತಿಂಗಳ ನಡಿಗೆ

ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರನ್ನು ಕಂಡ ನಾಡು ನಮ್ಮದು. ನಡಿಗೆಯನ್ನು ಹರಕೆಯಾಗಿ ಒಪ್ಪಿಸುವುದು ನಮಗೆ ಹೊಸದಲ್ಲ. ನಡಿಗೆಯ ನೆಪದಲ್ಲಿ ಒಂದು ಸೇವಾ ಸಂಸ್ಥೆಗೆ ಹಣ ಕೂಡಿಸುವುದು ಮಾತ್ರ ಈಚಿನ ರೂಢಿ. ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಸಂಸ್ಥೆ ಮಾರ್ಚ್ ತಿಂಗಳಿಡೀ ದಿನಕ್ಕೆ 10,000 ಹೆಜ್ಜೆಯ ನಡಿಗೆ ಏರ್ಪಡಿಸಿ ದೇಣಿಗೆ ಕೂಡಿಸುತ್ತದೆ. ಇದನ್ನೇ ನಮ್ಮೂರಲ್ಲಿ ಒಬ್ಬರೇ ಮಾಡಬಹುದು; ಯಾವ ಕಾರ್ಯಕ್ರಮಕ್ಕೂ ಹೆಸರು ನೋಂದಾಯಿಸಬೇಕಿಲ್ಲ.

ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಂಥ ನಡಿಗೆಗಳು ಸೋಲುವುದು ಕಾಲು ನೋವಿನಿಂದಲ್ಲ, ಬಾಯಿ ಬಿಟ್ಟು ಕೇಳದೆ. ಮೂವತ್ತು ದಿನವೂ ತಪ್ಪದೆ ನಡೆದು, ದಿನವೂ ಸ್ಟೇಟಸ್ ಹಾಕಿ, ಕೊನೆಗೆ ಎರಡೋ ಮೂರೋ ಸಾವಿರ ರೂಪಾಯಿಗೆ ನಿಂತುಹೋಗುವುದೇ ಹೆಚ್ಚು. ನಡೆಯಲು ಎಷ್ಟು ಗಂಟೆ ಇಡುತ್ತೀರೋ, ಕೇಳಲು ಅದರ ಕಾಲು ಭಾಗವನ್ನಾದರೂ ಇಡಿ.

ಹಾಗಾಗಿ ಶೂ ಕೊಳ್ಳುವುದಕ್ಕಿಂತ ಮುಂಚೆ ಹಣದ ದಾರಿ ಸರಿ ಮಾಡಿಕೊಳ್ಳಿ. ಸಂಸ್ಥೆ ಗೊತ್ತಾದ ಮೇಲೆ ಅವರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ ಇದೆಯೇ, ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ 80ಜಿ ಅನುಮೋದನೆ ಈಗಲೂ ಚಾಲ್ತಿಯಲ್ಲಿದೆಯೇ, ದೇಣಿಗೆಗೆ ಸಂಸ್ಥೆಯದೇ ಹೆಸರಿನ ಯುಪಿಐ ಅಥವಾ ಬ್ಯಾಂಕ್ ಖಾತೆ ಯಾವುದು, ರಸೀದಿ ಎಷ್ಟು ದಿನದಲ್ಲಿ ಕೊಡುತ್ತಾರೆ. ಸ್ವಯಂಸೇವಾ ಸಂಸ್ಥೆಗಳ ವಿವರವಿರುವ, ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿ ನೋಡಿ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸ ಒಳ್ಳೆಯದೆಂದು ಅರ್ಥವಲ್ಲ. ಸಾಧ್ಯವಿದ್ದರೆ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರುವುದೇ ಲೇಸು.

ಹಣ ನಿಮ್ಮ ಸ್ವಂತ ಖಾತೆಗೆ ಬರುವಂತೆ ಮಾಡಲೇಬೇಡಿ. ನಿಮ್ಮ ಪ್ರಾಮಾಣಿಕತೆಯ ಪ್ರಶ್ನೆ ಇದಲ್ಲ. ನಿಮ್ಮ ಸಂಬಳ, ಬಾಡಿಗೆಯ ನಡುವೆ ಐನೂರರ ನಲವತ್ತು ಜಮೆ ಕಲೆತರೆ ತಿಂಗಳ ಕೊನೆಗೆ ಯಾರದು ಯಾವುದೆಂದು ಬಿಡಿಸುವುದು ಕಷ್ಟ. ದಾನಿ ನಿಮಗೆ ಕೊಟ್ಟ ಹಣಕ್ಕೆ ಅವರ ಹೆಸರಲ್ಲಿ 80ಜಿ ರಸೀದಿ ಸಿಗುವುದೂ ಇಲ್ಲ. ಸಂಸ್ಥೆಯ ಕ್ಯೂಆರ್ ಕೋಡ್ ಕಳಿಸಿ, ಟಿಪ್ಪಣಿಯ ಜಾಗದಲ್ಲಿ 'ನಡಿಗೆ' ಎಂಬ ಪದದ ಜೊತೆ ನಿಮ್ಮ ಹೆಸರು ಬರೆಯಲು ಹೇಳಿ. ಆ ಒಂದು ಪದ ಇಲ್ಲದಿದ್ದರೆ ನಿಮ್ಮ ಕಡೆಯಿಂದ ಎಷ್ಟು ಬಂತೆಂದು ಅವರ ಲೆಕ್ಕಿಗರಿಗೂ ಗೊತ್ತಾಗುವುದಿಲ್ಲ. ದೇಣಿಗೆ ಸಂಗ್ರಹದ ಜಾಲತಾಣ ಬಳಸುವುದಾದರೆ ಶುಲ್ಕವೆಷ್ಟು, ಹಣ ಸಂಸ್ಥೆಗೆ ಯಾವಾಗ ತಲುಪುತ್ತದೆ ಎಂದು ಓದಿಕೊಳ್ಳಿ. ಕೆಲವು ಕಡೆ ದಾನಿ ಹಣ ಕಟ್ಟುವ ಪುಟದಲ್ಲಿ 'ಟಿಪ್' ಎಂಬ ಮೊತ್ತ ಮೊದಲೇ ತುಂಬಿರುತ್ತದೆ. ಅದು ಜಾಲತಾಣಕ್ಕೆ ಹೋಗುವ ಹಣ. ಬೇಡದಿದ್ದರೆ ಸೊನ್ನೆ ಮಾಡಬಹುದು ಎಂದು ದಾನಿಗಳಿಗೆ ತಿಳಿಸಿ.

ತೆರಿಗೆಯ ವಿಷಯವನ್ನೂ ಸರಿಯಾಗಿ ಹೇಳಬೇಕು, ಇಲ್ಲವಾದರೆ ಆಮೇಲೆ ಮುನಿಸು. 80ಜಿ ರಿಯಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಬಹುಪಾಲು ಸಂಸ್ಥೆಗಳಿಗೆ ಕೊಟ್ಟದ್ದರಲ್ಲಿ ಅರ್ಧದಷ್ಟು, ಅದೂ ಒಂದು ಮಿತಿಯೊಳಗೆ, ಆದಾಯದಿಂದ ಕಳೆಯುತ್ತಾರೆ. 2,000 ರೂಪಾಯಿ ಮೀರಿದ ಮೊತ್ತವನ್ನು ನಗದಾಗಿ ಕೊಟ್ಟರೆ ರಿಯಾಯಿತಿಯೇ ಇಲ್ಲ. ಪ್ಯಾನ್ ಸಂಖ್ಯೆ ಬೇಕು. ಅದನ್ನು ದಾನಿ ನೇರವಾಗಿ ಸಂಸ್ಥೆಗೆ ಕಳಿಸಲಿ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರ ಪ್ಯಾನ್ ಕಾರ್ಡಿನ ಫೋಟೋವೂ ಬೀಳಬಾರದು.

ಹೊರದೇಶದಲ್ಲಿರುವ ನೆಂಟರು ಕೊಡುವುದಾದರೆ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದು, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡ ಚಿಕ್ಕಪ್ಪ ಕೊಟ್ಟರೆ ಆಗುತ್ತದೆ. ಅಂಥ ಹಣ ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಇರಬೇಕು, ಹಣವೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಸಂಸ್ಥೆ ಇದಕ್ಕೆಂದೇ ತೆರೆದ ಖಾತೆಗೆ ಹೋಗಬೇಕು. 'ನಿನಗೆ ಕಳಿಸ್ತೀನಿ, ನೀನೇ ಕೊಟ್ಟುಬಿಡು' ಎಂದರೆ ಒಪ್ಪಬೇಡಿ. ಇಂಗ್ಲೆಂಡಿನಲ್ಲಿ ತೆರಿಗೆ ಕಟ್ಟುವ ಕನ್ನಡಿಗರು ಅಲ್ಲಿನ ನೋಂದಾಯಿತ ಸಂಸ್ಥೆಗೇ ಕೊಟ್ಟರೆ, ಗಿಫ್ಟ್ ಏಡ್ ಎಂದು ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರ ಸೇರಿಸುತ್ತದೆ.

ಇನ್ನು ಕೇಳುವ ಬಗೆ. 'ಒಳ್ಳೆಯ ಕೆಲಸಕ್ಕೆ ಕೈಲಾದಷ್ಟು ಕೊಡಿ' ಎಂದರೆ ಜನ ಹೃದಯದ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ಒಂದು ವಸ್ತು ಅಥವಾ ಒಂದು ಸೇವೆ, ಅದರ ಬೆಲೆ, ಎಷ್ಟು ಬೇಕು, ಇಷ್ಟನ್ನು ಸ್ಪಷ್ಟವಾಗಿ ಹೇಳಿದರೆ ಕೈ ಜೇಬಿಗೆ ಹೋಗುತ್ತದೆ. ಉದಾಹರಣೆಗೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡುವ ಚಿಕಿತ್ಸೆ. ಮೂತ್ರಪಿಂಡ ಕೆಲಸ ನಿಲ್ಲಿಸಿದವರು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಆ ಯಂತ್ರಕ್ಕೆ ಜೋಡಿಸಿಕೊಂಡು ಮಲಗಬೇಕು. ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಒಂದು ಸಲಕ್ಕೆ ತಗಲುವ ಖರ್ಚು 1,500 ರೂಪಾಯಿ ಎಂದು ಡಯಾಲಿಸಿಸ್ ಕೇಂದ್ರದವರು ಬರೆದುಕೊಟ್ಟರು ಎಂದಿಟ್ಟುಕೊಳ್ಳೋಣ. ಗುರಿ 20 ಸಲ, ಅಂದರೆ 30,000 ರೂಪಾಯಿ. 2,000 ಕೊಡುವ ಐವರು, 1,000 ಕೊಡುವ 12 ಜನ, 500 ಕೊಡುವ 16 ಜನ ಸಿಕ್ಕರೆ ಲೆಕ್ಕ ಸರಿಯಾಯಿತು. ಒಟ್ಟು 33 ಜನ. ಕೇಳಿದ ಮೂವರಲ್ಲಿ ಒಬ್ಬರು ಕೊಡುತ್ತಾರೆಂದು ಹಿಡಿದರೆ ನಿಮ್ಮ ಪಟ್ಟಿಯಲ್ಲಿ ನೂರು ಹೆಸರಿರಬೇಕು. ಕಾಗದದ ಮೇಲೆ ಬರೆಯಿರಿ. ನಲವತ್ತಕ್ಕೇ ಹೆಸರು ಮುಗಿದರೆ ಗುರಿಯನ್ನು ಇಳಿಸಿ.

ಒಬ್ಬೊಬ್ಬರಿಗೂ ಬೇರೆಯಾಗಿ ಬರೆಯಬೇಕು. ಗುಂಪಿಗೆ ಹಾಕಿದ ಸಂದೇಶ ಯಾರಿಗೂ ಸೇರಿದ್ದಲ್ಲ, ಬೇರೆ ಯಾರೋ ಕೊಡುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಕೂಡ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಹೀಗೆ ಬರೆದರೆ ಸಾಕು:

'ಮಾವ, ನಮಸ್ಕಾರ. ಒಂದನೇ ತಾರೀಖಿನಿಂದ 30 ದಿನ, ದಿನಕ್ಕೆ 10,000 ಹೆಜ್ಜೆ ನಡೀತಿದ್ದೀನಿ. ನಮ್ಮ ತಾಲ್ಲೂಕಿನ ಡಯಾಲಿಸಿಸ್ ಕೇಂದ್ರಕ್ಕೆ 20 ಸಲದ ಖರ್ಚು ಕೂಡಿಸಬೇಕು ಅಂತ. ಒಂದು ಸಲಕ್ಕೆ 1,500 ರೂಪಾಯಿ. ನಿಮ್ಮಿಂದ 500 ಆಗುತ್ತಾ? ದುಡ್ಡು ನೇರ ಕೇಂದ್ರದ ಖಾತೆಗೆ ಹೋಗುತ್ತೆ, ರಸೀದಿ ಕೊಡ್ತಾರೆ. ಈಗ ಆಗದಿದ್ದರೆ ಖಂಡಿತ ಬೇಜಾರಿಲ್ಲ.'

ಮೊದಲ ದೇಣಿಗೆ ನಿಮ್ಮದಾಗಿರಲಿ. ಎರಡನೆಯದರಿಂದ ಐದನೆಯದರವರೆಗೆ ಮನೆಯವರು, ಆಪ್ತ ಗೆಳೆಯರು. ಸೊನ್ನೆಯಲ್ಲಿ ನಿಂತಿರುವ ಪಟ್ಟಿಗೆ ಮೊದಲಿಗರಾಗಲು ಹೊರಗಿನವರು ಹಿಂಜರಿಯುತ್ತಾರೆ, ಮೊದಲು ಕಾಣುವ ಮೊತ್ತವೇ ಮುಂದಿನವರಿಗೆ ಅಳತೆಗೋಲೂ ಆಗುತ್ತದೆ. ಸಂಬಳವಾದ ಮೊದಲ ವಾರ ಕೇಳಿ, ತಿಂಗಳ ಕೊನೆಯಲ್ಲಿ ಬೇಡ. ಉತ್ತರ ಬರದವರಿಗೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಎರಡನೇ ಸಲ ನೆನಪಿಸುವುದು ತರವಲ್ಲ. ಕಚೇರಿಯಲ್ಲಿ ನಿಮ್ಮ ಕೈಕೆಳಗಿನವರನ್ನು, ಮನೆಕೆಲಸದವರನ್ನು ಕೇಳಬೇಡಿ, ಅವರು ಇಲ್ಲವೆನ್ನಲಾರರು. 'ದಿನಕ್ಕೆ ಹತ್ತು ರೂಪಾಯಿ, ಎಷ್ಟು ದಿನ ನಡೆದರೆ ಅಷ್ಟು' ಎಂಬ ಕರಾರು ಕೇಳಲು ಚೆನ್ನ. ಆದರೆ ತಿಂಗಳಾದ ಮೇಲೆ ವಸೂಲಿಗೆ ಓಡಾಡುವುದೇ ಇನ್ನೊಂದು ನಡಿಗೆಯಾಗುತ್ತದೆ. 300 ರೂಪಾಯಿಯನ್ನು ಮೊದಲೇ ಕಟ್ಟಿಸಿಕೊಳ್ಳುವುದು ಜಾಣತನ.

ಹೆಜ್ಜೆಯ ಲೆಕ್ಕ ಇದಕ್ಕಿಂತ ಸುಲಭ. ನಿಮ್ಮ ಎತ್ತರವನ್ನು 0.41ರಿಂದ ಗುಣಿಸಿದರೆ ಸುಮಾರಾಗಿ ಒಂದು ಹೆಜ್ಜೆಯ ಉದ್ದ. 160 ಸೆಂ.ಮೀ. ಎತ್ತರದವರಿಗೆ ಅದು 66 ಸೆಂ.ಮೀ., 10,000 ಹೆಜ್ಜೆಗೆ 6.6 ಕಿ.ಮೀ. ತಿಂಗಳಿಗೆ ಹತ್ತಿರಹತ್ತಿರ 200 ಕಿ.ಮೀ., ಬೆಂಗಳೂರಿನಿಂದ ಹೊರಟರೆ ಹಾಸನ ದಾಟಿದಷ್ಟು. ಚುರುಕು ನಡಿಗೆಯಲ್ಲಿ ನಿಮಿಷಕ್ಕೆ ನೂರು ಹೆಜ್ಜೆ, ಹಾಗಾಗಿ ಒಟ್ಟು ನೂರು ನಿಮಿಷ. ಮನೆ, ಕಚೇರಿಯ ಓಡಾಟದಲ್ಲೇ ನಾಲ್ಕು ಸಾವಿರ ಆಗುವುದಾದರೆ ಬೆಳಿಗ್ಗೆ 40 ನಿಮಿಷ, ಸಂಜೆ 20 ನಿಮಿಷ ಸಾಕು. ಎಲ್ಲವನ್ನೂ ರಾತ್ರಿ ಊಟದ ನಂತರಕ್ಕೆ ಉಳಿಸಿಕೊಂಡವರು ಎರಡನೇ ವಾರದಲ್ಲಿ ತಪ್ಪುತ್ತಾರೆ.

ಹತ್ತು ಸಾವಿರವೆಂಬುದು ವೈದ್ಯರು ಬರೆದ ಔಷಧದ ಪ್ರಮಾಣವಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ 'ಮಾನ್ಪೊ-ಕೆಯ್' ಎಂಬ ಹೆಜ್ಜೆ ಎಣಿಸುವ ಯಂತ್ರದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಲ್ಲಿಂದ ಹರಡಿದ ಅಂಕಿ ಇದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ 7,500ರ ಹೊತ್ತಿಗೆ ಲಾಭದ ಏರಿಕೆ ನಿಂತಿತ್ತು. ಅರವತ್ತು ದಾಟಿದವರು 6,000 ಎಂದು ಘೋಷಿಸಿ ನಡೆದರೆ ದಾನಿಗಳೇನೂ ಕಡಿಮೆ ಕೊಡುವುದಿಲ್ಲ.

ಶುರುವಿಗೆ ಕೆಲವು ವಾರ ಮುಂಚೆಯೇ ಒಂದು ವಾರ ಸುಮ್ಮನೆ ಎಣಿಸಿ ಸರಾಸರಿ ತೆಗೆಯಿರಿ. ಅಲ್ಲಿಂದ ಶುರುವಿನ ದಿನದವರೆಗೆ ವಾರಕ್ಕೆ ಸಾವಿರ, ಸಾವಿರದೈನೂರು ಏರಿಸಿ. ಮೂರು ಸಾವಿರದಿಂದ ಒಮ್ಮೆಗೇ ಹತ್ತಕ್ಕೆ ಹಾರಿದರೆ ಕೆಲವೇ ದಿನದಲ್ಲಿ ಮೊಣಕಾಲ ಕೆಳಗಿನ ಮುಂಗಾಲೆಲುಬಿನ ಒಳಬದಿ ಉರಿಯತೊಡಗಬಹುದು. ಕಾಂಕ್ರೀಟ್ ರಸ್ತೆ ಇದನ್ನು ಹೆಚ್ಚಿಸುತ್ತದೆ, ಮಣ್ಣಿನ ದಾರಿ ಕಡಿಮೆ ಮಾಡುತ್ತದೆ. ಕೆರೆ ಏರಿ, ಪಾರ್ಕು, ಶಾಲೆಯ ಮೈದಾನ ಹುಡುಕಿಕೊಳ್ಳಿ. ಪಾರ್ಕಿನಲ್ಲಿ ಒಂದು ದಿನ ಬಲಸುತ್ತು, ಮರುದಿನ ಎಡಸುತ್ತು ಹಾಕಿದರೆ ತಿರುವಿನ ಭಾರ ಒಂದೇ ಕಾಲಿನ ಮೇಲೆ ಬೀಳದು. ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ಪಟ್ಟಿ ಬಿಗಿದಿದೆಯೆಂದು ಅರ್ಥ. ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಮೂವತ್ತು ಸೆಕೆಂಡಿನಂತೆ ಮೂರು ಸಲ ಎಳೆಯಿರಿ, ಐಸಾದ ನೀರಿನ ಬಾಟಲಿಯನ್ನು ಪಾದದಡಿ ಉರುಳಿಸಿ. ಎಲುಬಿನ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವೆನಿಸಿದರೆ ಅದು ಕೂದಲೆಳೆಯಷ್ಟು ಬಿರುಕಾಗಿರಬಹುದು. ಅಂದೇ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ, ದಾನಿಗಳಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿ.

ಶೂ ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಹೆಬ್ಬೆರಳ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗವಿರಲಿ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಡುವುದರಿಂದ ಬೊಕ್ಕೆ ಏಳುತ್ತದೆ. ನೈಲಾನ್ ಬೆರೆತದ್ದು ಮೇಲು. ಎದ್ದ ಬೊಕ್ಕೆಯ ಚರ್ಮ ಸುಲಿಯಬೇಡಿ, ಪ್ಲಾಸ್ಟರ್ ಹಾಕಿ. ಸಕ್ಕರೆ ಕಾಯಿಲೆ ಇದ್ದವರು ದಿನವೂ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯುವ ಹರಕೆ ಹೊರಬಾರದು.

ಕಾಲವೂ ಮುಖ್ಯ. ನವೆಂಬರಿನಿಂದ ಫೆಬ್ರವರಿ ಎಲ್ಲರಿಗೂ ಸರಿ. ಏಪ್ರಿಲಿನಲ್ಲಿ ಕಲಬುರಗಿ, ರಾಯಚೂರಿನವರು ಬೆಳಿಗ್ಗೆ ಏಳರೊಳಗೆ ಮುಗಿಸಬೇಕು. ಜೂನ್, ಜುಲೈಯಲ್ಲಿ ಕರಾವಳಿಯವರು ಶುರು ಮಾಡದಿರುವುದೇ ವಾಸಿ. ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರು ಮಾಡಬೇಕು.

ಫೋನಿನ ಎಣಿಕೆ ಕೈಕೊಡುವುದು ಹೆಚ್ಚಾಗಿ ಬ್ಯಾಟರಿ ಉಳಿತಾಯದ ವ್ಯವಸ್ಥೆಯಿಂದ. ಹೆಜ್ಜೆ ಎಣಿಸುವ ಆಪ್‌ಗೆ ಅದರಿಂದ ವಿನಾಯಿತಿ ಕೊಡಿ. ಮೇಜಿನ ಮೇಲೆ ಬಿಟ್ಟ ಫೋನ್ ಏನನ್ನೂ ಎಣಿಸದು. ಮಗುವಿನ ಗಾಡಿ ತಳ್ಳುವಾಗ ಕೈ ಅಲುಗದ್ದರಿಂದ ಮಣಿಕಟ್ಟಿನ ಬ್ಯಾಂಡ್ ಕಡಿಮೆ ತೋರಿಸುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದರೆ ಹೆಚ್ಚು ತೋರಿಸುತ್ತದೆ. ಒಂದೇ ಸಾಧನವನ್ನು ನಂಬಿ ತಿಂಗಳಿಡೀ ಅದರದ್ದೇ ಅಂಕಿ ಕೊಡಿ. ಎಣಿಕೆ ನಡುರಾತ್ರಿ ಸೊನ್ನೆಗಿಳಿಯುತ್ತದೆ, ಮಲಗುವ ಮುನ್ನ ಸ್ಕ್ರೀನ್‌ಶಾಟ್ ತೆಗೆದಿಡಿ. ಆದರೆ ದಿನವೂ ಹಂಚಬೇಡಿ. ವಾರಕ್ಕೊಮ್ಮೆ, ಹೆಜ್ಜೆಗಿಂತ ಮೊದಲು ಹಣವನ್ನು ಹೇಳಿ: 'ಎಂಟು ಸಲದ ಡಯಾಲಿಸಿಸ್ ಆಯಿತು, ಇನ್ನು ಹನ್ನೆರಡು.'

ಜ್ವರ ಬಂದು ಎರಡು ದಿನ ತಪ್ಪಿದರೆ ಮೂರನೇ ದಿನ ಮೂವತ್ತು ಸಾವಿರ ನಡೆಯಲು ಹೋಗಬೇಡಿ. ಕೊನೆಗೆ ಎರಡು ದಿನ ಸೇರಿಸುತ್ತೇನೆಂದು ತಿಳಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ.

ಹಣ ಕಟ್ಟಿದವರಿಗೆ ಅಂದೇ ಫೋನ್ ಮಾಡಿ ಧನ್ಯವಾದ ಹೇಳಿ. ತಿಂಗಳು ಮುಗಿದ ವಾರದೊಳಗೆ ಸಂಸ್ಥೆಯಿಂದ 'ನಡಿಗೆ' ಲೆಕ್ಕದಲ್ಲಿ ಬಂದ ಒಟ್ಟು ಮೊತ್ತದ ಪತ್ರ ತರಿಸಿಕೊಂಡು ನಿಮ್ಮ ಪಟ್ಟಿಯೊಂದಿಗೆ ತಾಳೆ ನೋಡಿ. ಟಿಪ್ಪಣಿ ಬರೆಯಲು ಮರೆತವರ ಒಂದೆರಡು ಜಮೆ ಸಾಮಾನ್ಯವಾಗಿ ಅಲ್ಲಿ ಸಿಕ್ಕಿಹಾಕಿಕೊಂಡಿರುತ್ತವೆ, ತಾರೀಖು ಮತ್ತು ಮೊತ್ತ ಕೊಟ್ಟರೆ ಅವರೇ ಹುಡುಕುತ್ತಾರೆ. ಆ ಪತ್ರದ ಪ್ರತಿಯನ್ನು ಕೊಟ್ಟ ಎಲ್ಲರಿಗೂ, ಐವತ್ತು ರೂಪಾಯಿ ಕೊಟ್ಟವರಿಗೂ, ಕಳಿಸಿ. ತೆರಿಗೆಯ ಪ್ರಮಾಣಪತ್ರ ಬರುವುದು ಆರ್ಥಿಕ ವರ್ಷ ಮುಗಿದು ಸಂಸ್ಥೆ ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿದ ಮೇಲೆ. ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಅದು ನಿಲ್ಲುತ್ತದೆ, ಆದ್ದರಿಂದ ಏಪ್ರಿಲ್ ಮೊದಲ ವಾರದಲ್ಲೇ ದಾನಿಗಳು ತಮ್ಮ ವಿವರವನ್ನು ಸಂಸ್ಥೆಯೊಂದಿಗೆ ಒಮ್ಮೆ ಪರಿಶೀಲಿಸಿಕೊಳ್ಳುವಂತೆ ನೆನಪಿಸಿ.