ನಿಮ್ಮ ಊರಿನ ಬಡವರ ಸೊಪ್ಪು ಯಾವುದು?

ಪಕ್ಕದ ತೋಟದ ಅಜ್ಜಿ ಹೋದ ವಾರ ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಕೋಸಿನ ಜಾತಿಯ ಸೊಪ್ಪಾದ ಕೇಲ್ ಗಿಡದ ಬುಡದಿಂದ ಎಲೆ ಮುರಿಯುತ್ತ ಅವರು ಹೇಳಿದರು: "ಯುದ್ಧ ಮುಗಿದ ಮೇಲೆ ನಮಗೆ ತಿನ್ನಲು ಏನೂ ಇರಲಿಲ್ಲ, ಇದೊಂದಿತ್ತು. ನಿಮ್ಮ ಊರಿನ ಬಡವರ ಸೊಪ್ಪು ಯಾವುದು?"

ಅವರು ಹೇಳುತ್ತಿದ್ದುದು 1946–47ರ ಚಳಿಗಾಲದ ಮಾತು. ಜರ್ಮನಿಯವರು ಅದನ್ನು ಇವತ್ತಿಗೂ ಹಸಿವಿನ ಚಳಿಗಾಲ ಎಂದೇ ಕರೆಯುತ್ತಾರೆ. ಆಗ ಇವರು ಪುಟ್ಟ ಹುಡುಗಿ. ತಾಯಿ ಹಿಮ ಸರಿಸಿ ಕೇಲ್ ಎಲೆ ಕಿತ್ತು ತಂದು ಬೇಯಿಸುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಂಕೋಚವಿರಲಿಲ್ಲ, ಹೆಮ್ಮೆಯಿತ್ತು.

ನಾವಿರುವ ಉತ್ತರ ಜರ್ಮನಿಯ ಓಲ್ಡನ್‌ಬುರ್ಗ್‌ನಲ್ಲಿ ಈ ಸೊಪ್ಪಿಗೆ ಸಿಗುವ ಮರ್ಯಾದೆ ನೋಡಬೇಕು. ಚಳಿ ಹಿಡಿದ ಮೇಲೆ ಜನ ಗುಂಪುಗುಂಪಾಗಿ ಕೈಗಾಡಿ ಎಳೆದುಕೊಂಡು ಹೊಲದ ದಾರಿಯಲ್ಲಿ ನಡೆದು, ಕೊನೆಗೆ ಒಂದು ಹೋಟೆಲಿನಲ್ಲಿ ಕುಳಿತು ಕೇಲ್ ಊಟ ಮಾಡುತ್ತಾರೆ. ಊಟದ ಬಳಿಕ ಗುಂಪಿನಲ್ಲಿ ಒಬ್ಬರಿಗೆ 'ಕೇಲ್ ರಾಜ'ನ ಪಟ್ಟ. 1956ರಿಂದ ಈ ಊರಿನವರು ದೇಶದ ರಾಜಧಾನಿಗೂ ಹೋಗಿ, ಮೊದಲು ಬಾನ್‌ನಲ್ಲಿ, ಆಮೇಲೆ ಬರ್ಲಿನ್‌ನಲ್ಲಿ, ದೊಡ್ಡ ರಾಜಕಾರಣಿಗಳನ್ನು ಕೂರಿಸಿ ಇದೇ ಸೊಪ್ಪು ಬಡಿಸಿ ಪಟ್ಟ ಕಟ್ಟುತ್ತ ಬಂದಿದ್ದಾರೆ. ಹಸಿದ ಕಾಲದಲ್ಲಿ ಕೈಹಿಡಿದ ಸೊಪ್ಪನ್ನು ಇವರು ಮೆರೆಸುತ್ತಾರೆ.

ಬೆಳೆಯುವುದನ್ನು ನನಗೆ ಕಲಿಸಿದ್ದು ಈ ಅಜ್ಜಿಯೇ. ನಮ್ಮ ತುಂಡು ನೆಲ ಬಾಡಿಗೆಯದು. ಇಲ್ಲಿನ ಕಾನೂನಿನ ಪ್ರಕಾರ ಇಂಥ ತೋಟ 400 ಚದರ ಮೀಟರ್ ಮೀರುವಂತಿಲ್ಲ, ಮೂರರಲ್ಲೊಂದು ಪಾಲಿನಲ್ಲಿ ತರಕಾರಿ ಹಣ್ಣು ಬೆಳೆಯಲೇಬೇಕು. ಬರೀ ಹುಲ್ಲು ಹಾಸಿ ಕುರ್ಚಿ ಇಟ್ಟುಕೊಂಡು ಕುಳಿತುಕೊಳ್ಳುವ ಹಾಗಿಲ್ಲ. ನನಗೆ ಈ ಕಟ್ಟಳೆ ತುಂಬ ಇಷ್ಟ.

ಎಲೆಕೋಸು, ಹೂಕೋಸು, ನವಿಲುಕೋಸು, ಕೇಲ್ ಎಲ್ಲವೂ ಒಂದೇ ಜಾತಿಯ ಸಸ್ಯಗಳು. ಕೇಲ್ ಮಾತ್ರ ಗಡ್ಡೆಯಾಗಿ ಸುತ್ತಿಕೊಳ್ಳದೆ ಎಲೆ ಬಿಡುತ್ತ ಮೇಲೇಳುತ್ತದೆ. ಮೇ ಕೊನೆಯಲ್ಲಿ, ಇಲ್ಲವೇ ಜೂನ್‌ನಲ್ಲಿ ಬೀಜ ಚೆಲ್ಲಿ ಸಸಿ ಮಾಡಿಕೊಳ್ಳುತ್ತೇವೆ. ಜುಲೈನಲ್ಲಿ ಬೇಗ ಬರುವ ಆಲೂಗಡ್ಡೆ ಕಿತ್ತ ಪಾತಿ ಖಾಲಿಯಾಗುತ್ತದೆ. ಅಲ್ಲಿಗೆ ಗೊಬ್ಬರ ಹಾಕಿ, ಮೊಳದಂತರಕ್ಕೆ ಒಂದರಂತೆ, ಕೆಳಗಿನ ಎಲೆಯವರೆಗೂ ಕಾಂಡ ಹೂತು ನೆಡುತ್ತೇವೆ. ನೆಟ್ಟ ಮೇಲೆ ಬುಡದ ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ಸಡಿಲ ಮಣ್ಣಿನಲ್ಲಿ ನಿಂತ ಗಿಡ ನವೆಂಬರ್ ಗಾಳಿಗೆ ಒರಗುತ್ತದೆ. ಕೋಸಿನ ಜಾತಿಯ ಯಾವುದನ್ನೂ ಅದೇ ಪಾತಿಯಲ್ಲಿ ಮೂರು ನಾಲ್ಕು ವರ್ಷ ಮತ್ತೆ ಹಾಕಬಾರದು, ಬೇರು ಗಂಟುಗಟ್ಟುವ ರೋಗ ಮಣ್ಣಿನಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಬಿಳಿ ಚಿಟ್ಟೆ ಎಲೆಯ ಅಡಿಗೆ ಹಳದಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಬಲೆ ಹೊದಿಸದಿದ್ದರೆ ಹುಳುಗಳು ನರ ಮಾತ್ರ ಉಳಿಸುತ್ತವೆ.

ಅಕ್ಟೋಬರಿನಲ್ಲಿ ಗಿಡ ದಟ್ಟವಾಗಿ ಸುರುಳಿ ಸುರುಳಿಯಾಗಿ ನಿಂತರೂ ಅಜ್ಜಿ ಕೀಳಲು ಬಿಡುವುದಿಲ್ಲ. ಚಳಿ ತಾಕಬೇಕು ಎನ್ನುತ್ತಾರೆ. ಅದು ನಿಜವೇ. ತಂಪಿನಲ್ಲಿ ಗಿಡದ ಉಸಿರಾಟ ನಿಧಾನವಾಗುತ್ತದೆ. ಬಿಸಿಲಿನಿಂದ ಸಕ್ಕರೆ ತಯಾರಾಗುತ್ತಲೇ ಇದ್ದರೂ ಖರ್ಚು ಕಡಿಮೆ, ಹಾಗಾಗಿ ಎಲೆಯಲ್ಲಿ ಸಿಹಿ ಸೇರಿಕೊಳ್ಳುತ್ತದೆ. ಗಿಡ ಜೀವಂತವಾಗಿ ನಿಂತಿರುವಾಗ ಮಾತ್ರ ಇದು ಸಾಧ್ಯ. ಕಿತ್ತ ಎಲೆಯನ್ನು ಫ್ರೀಜರಿನಲ್ಲಿಟ್ಟರೆ ಆ ರುಚಿ ಬರುವುದಿಲ್ಲ. ಕೆಳಗಿನ ಎಲೆಗಳನ್ನು ಮುರಿಯುತ್ತ, ನೆತ್ತಿಯ ಕುಡಿ ಮುಟ್ಟದೆ ಬಿಟ್ಟರೆ ಫೆಬ್ರವರಿಯವರೆಗೂ ಸೊಪ್ಪು ಸಿಗುತ್ತದೆ. ಅಜ್ಜಿ ಅದನ್ನು ಸಾಸೇಜಿನೊಂದಿಗೆ ಗಂಟೆಗಟ್ಟಲೆ ಬೇಯಿಸುತ್ತಾರೆ. ನಾನು ದಂಟು ಬಿಡಿಸಿ, ಹುರುಳಿಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದು ಬಸ್ಸಾರು ಮಾಡುತ್ತೇನೆ.

ಬಡವರ ಸೊಪ್ಪು ಯಾವುದೆಂದರೆ ಏನು ಹೇಳಲಿ? ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಅವ್ವ ರಾಗಿ ಹೊಲದಲ್ಲಿ ಕಳೆ ಕೀಳಲು ಹೋದವಳು ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದಳು. ಅಣ್ಣೆ, ಗೋಣಿ, ಹೊನಗೊನ್ನೆ, ಗಣಿಕೆ, ಕನ್ನೆ. ಯಾವುದನ್ನೂ ಯಾರೂ ಬಿತ್ತಿದ್ದಲ್ಲ. ಯಾವುದಕ್ಕೆ ಯಾವುದು ಸೇರಬೇಕು, ಯಾವುದರ ಕುಡಿ ಮಾತ್ರ ಸಾಕು ಎಂಬುದು ಅವಳ ಬೆರಳುಗಳಿಗೇ ಗೊತ್ತಿತ್ತು. ಆದರೆ ಬೆಂಗಳೂರಿನ ನೆಂಟರು ಬಂದರೆ ಬಸ್ಸಾರಿನ ಮಡಕೆ ಒಲೆಯ ಹಿಂದಕ್ಕೆ ಸರಿಯುತ್ತಿತ್ತು, ನನ್ನನ್ನು ಅಂಗಡಿಗೆ ಆಲೂಗಡ್ಡೆ ತರಲು ಓಡಿಸುತ್ತಿದ್ದಳು. ಹಾಸ್ಟೆಲಿನಲ್ಲಿ ಮನೆಯ ಊಟದ ಮಾತು ಬಂದಾಗ ನಾವು ಯಾರೂ ಸೊಪ್ಪಿನ ಹೆಸರೆತ್ತುತ್ತಿರಲಿಲ್ಲ. ಇಷ್ಟು ಒಳ್ಳೆಯ ಊಟಕ್ಕೆ ನಮ್ಮಲ್ಲಿ ನಾಚಿಕೆಯನ್ನು ಕಲಿಸಿದವರು ಯಾರು ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ರಾಗಿಗೆ ಮತ್ತೆ ಮರ್ಯಾದೆ ಬಂತು. ಭಾರತವೇ ಮುಂದೆ ನಿಂತು ಕೇಳಿದ್ದರಿಂದ 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ರಾಗಿಯ ನಡುವೆ ಬೆಳೆದ ಸೊಪ್ಪಿಗೆ ಆ ಭಾಗ್ಯ ಬರಲಿಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಅಣ್ಣೆಯೂ ಇಲ್ಲ, ಅದರ ಗುರುತು ಹಿಡಿಯುವ ಹುಡುಗಿಯರೂ ಕಡಿಮೆ.

ಇದೇ ವಾರ ಬೆಂಗಳೂರಿನಿಂದ ಅತ್ತಿಗೆ ಫೋನ್ ಮಾಡಿದ್ದರು. "ಕೇಲ್ ಆರೋಗ್ಯಕ್ಕೆ ಬಹಳ ಒಳ್ಳೆಯದಂತೆ, ಇಲ್ಲಿ ಒಂದು ಹಿಡಿಗೆ ಎಷ್ಟು ದುಡ್ಡು ಗೊತ್ತೇನೇ? ಬೀಜ ಕಳಿಸು" ಎಂದರು. ಹಾಕಿ ಅತ್ತಿಗೆ, ಖಂಡಿತ ಹಾಕಿ, ಬೀಜ ಅಲ್ಲಿಯೇ ಸಿಗುತ್ತದೆ. ಗಣೇಶನ ಹಬ್ಬ ಕಳೆದು ಮಳೆ ಇಳಿಯುವಾಗ ಬಿತ್ತಿದರೆ ಬೆಂಗಳೂರಿನ ತಂಪು ತಿಂಗಳುಗಳಲ್ಲಿ ಮಹಡಿಯ ಕುಂಡದಲ್ಲೂ ಚೆನ್ನಾಗಿ ಬರುತ್ತದೆ. ಎಲೆ ಎಳೆಯದಾಗಿರುವಾಗಲೇ ಕೀಳಿ. ಹಿಮದ ಸಿಹಿ ಅಲ್ಲಿ ಬರುವುದಿಲ್ಲ. ಶಿವರಾತ್ರಿ ದಾಟಿ ಬಿಸಿಲೇರಿದರೆ ಕಹಿಯೂ ಹೇನೂ ಹತ್ತುತ್ತವೆ. ಆಗ ನಿಮ್ಮ ಕಾಂಪೌಂಡಿನ ನುಗ್ಗೆಮರದ ಕಡೆ ಒಮ್ಮೆ ನೋಡಿ. ಅದರ ಚಿಗುರನ್ನು ಯಾರೂ ಕೀಳದೆ ಎಷ್ಟು ಕಾಲವಾಯಿತು?

ಅಜ್ಜಿಗೆ ನಾನು ಒಂದೇ ಹೆಸರು ಹೇಳಲಿಲ್ಲ, ಅವ್ವನ ಮಡಿಲಿನಲ್ಲಿದ್ದುದೆಲ್ಲವನ್ನೂ ಹೇಳಿದೆ. ಅವರು ಒಂದೊಂದನ್ನೂ ಮತ್ತೆ ಹೇಳಿಸಿದರು. ಗೋಣಿ ಸೊಪ್ಪಿನ ಚಿತ್ರ ಮೊಬೈಲಿನಲ್ಲಿ ತೋರಿಸಿದ ಕೂಡಲೇ, "ಇದು ನಮ್ಮ ಕಲ್ಲುಹಾಸಿನ ಸಂದಿನಲ್ಲೇ ಬೆಳೆಯುತ್ತದಲ್ಲ!" ಎಂದರು. ದಂಟಿನ ಸೊಪ್ಪಿನ ಬೀಜ ನನ್ನಲ್ಲಿದೆ ಎಂದೆ. ಮೇ ತಿಂಗಳ ನಡುವಿನ ಹಿಮದ ಭಯ ಕಳೆಯುವವರೆಗೂ ಅದನ್ನು ಬಿತ್ತಲು ಅವರು ಒಪ್ಪುವುದಿಲ್ಲ. ಆದರೆ ಪಾತಿ ಯಾವುದೆಂದು ಅಲ್ಲೇ ನಿಶ್ಚಯಿಸಿದರು: ಈ ಬೇಸಿಗೆಯಲ್ಲಿ ಬೀನ್ಸ್ ಹಾಕಿದ್ದ, ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣದ ಮಗ್ಗುಲು.