ಬ್ಯಾಕಪ್ ಸ್ಕ್ರಿಪ್ಟ್: ಎಕ್ಸಿಟ್ ಕೋಡ್‌ಗಳ ಕೆಲಸ ಎಲ್ಲಿಗೆ ಬಂತು

ಮನೆ ಸರ್ವರ್‌ನ ಬ್ಯಾಕಪ್ ಸ್ಕ್ರಿಪ್ಟ್ ಈ ವಾರ ಒಂದು ಹದಕ್ಕೆ ಬಂತು. ಪ್ರತಿ ಕಮಾಂಡ್ ಮುಗಿಯುವಾಗ ತಾನು ಹೇಗೆ ಮುಗಿದೆ ಅಂತ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ, ಅದೇ ಎಕ್ಸಿಟ್ ಕೋಡ್. ಹಳೆಯದರಲ್ಲಿ ಇದ್ದದ್ದು ಒಂದೇ ನಿಯಮ: ಸೊನ್ನೆ ಬಂದರೆ ಸರಿ, ಬೇರೇನೇ ಬಂದರೂ ಮೇಲ್ ಕಳಿಸು. ಬೆಳಗಾದರೆ ಇನ್‌ಬಾಕ್ಸ್ ತುಂಬ ಸುಳ್ಳು ದೂರು. ಅದನ್ನು ಕಿತ್ತುಹಾಕಿ, ಒಂದನ್ನು ಬಿಟ್ಟು ಉಳಿದ ಒಂದೊಂದು ಕಮಾಂಡ್‌ಗೂ ಬೇರೆ ಕೇಸ್ ಬ್ಲಾಕ್ (ಯಾವ ಕೋಡ್ ಬಂದರೆ ಏನು ಮಾಡಬೇಕು ಅನ್ನುವ ಪಟ್ಟಿ) ಬರೆದಿದ್ದೇನೆ.

ಫೈಲ್‌ಗಳನ್ನೆಲ್ಲ ಒಂದೇ ಕಟ್ಟಾಗಿ ಕಟ್ಟುವ ಗ್ನೂ ಟಾರ್ ಸುಲಭಕ್ಕೆ ಮುಗಿಯಿತು. ಓದುತ್ತಿರುವಾಗಲೇ ಫೈಲ್ ಬದಲಾದರೆ 1, ನಿಜವಾಗಿ ಕೆಟ್ಟರೆ 2. ಲಾಗ್ ಫೈಲ್‌ಗಳಿರುವ ಫೋಲ್ಡರ್‌ನಲ್ಲಿ 1 ಬರದಿದ್ದರೇ ಆಶ್ಚರ್ಯ. ಫೈಲ್‌ಗಳನ್ನು ಇನ್ನೊಂದು ಕಡೆಗೆ ಕಾಪಿ ಮಾಡುವ ಆರ್‌ಸಿಂಕ್‌ನಲ್ಲಿ 24 ಅಂದರೆ ಕಾಪಿ ಆಗುವಷ್ಟರಲ್ಲಿ ಕೆಲವು ಫೈಲ್ ಮಾಯ. ಲಾಗ್‌ನಲ್ಲಿ ಒಂದು ಸಾಲು ಬಿದ್ದರೆ ಸಾಕು. 23 ಬಂದರೆ ಮಾತ್ರ ಮೇಲ್, ಏನೋ ಒಂದಷ್ಟು ಕಾಪಿಯೇ ಆಗಿಲ್ಲ ಅಂತ.

ತಲೆ ತಿಂದದ್ದು ಎಫ್‌ಎಸ್‌ಸಿಕೆ, ಡಿಸ್ಕ್‌ನ ಫೈಲ್ ವ್ಯವಸ್ಥೆಯಲ್ಲಿ ತಪ್ಪು ಹುಡುಕಿ ಸರಿಪಡಿಸುವ ಕಮಾಂಡ್. ಅದು ಕೊಡುವುದು ಒಂದು ಕೋಡ್ ಅಲ್ಲ, ಹಲವು ಬಿಟ್‌ಗಳ ಮೊತ್ತ: ತಪ್ಪು ಸರಿಪಡಿಸಿದರೆ 1, ರೀಬೂಟ್ ಬೇಕಿದ್ದರೆ 2, ತಪ್ಪು ಹಾಗೇ ಉಳಿದರೆ 4, ಎಫ್‌ಎಸ್‌ಸಿಕೆಯ ಓಟವೇ ಕೆಟ್ಟರೆ 8. 3 ಬಂದರೆ ಸರಿಪಡಿಸಿದೆ, ರೀಬೂಟ್ ಮಾಡು ಅಂತ ಅರ್ಥ. ಹಾಗಾಗಿ ಇಲ್ಲಿ ಕೇಸ್ ಬ್ಲಾಕ್ ನಡೆಯುವುದಿಲ್ಲ. ಬಿಟ್‌ವೈಸ್ ಆ್ಯಂಡ್ (ಮೊತ್ತದೊಳಗೆ ಒಂದು ಬಿಟ್ ಇದೆಯೋ ಇಲ್ಲವೋ ನೋಡುವ ಲೆಕ್ಕ) ಹಾಕಿ 4 ಇದೆಯಾ, 8 ಇದೆಯಾ ಅಂತ ಬಿಡಿಬಿಡಿಯಾಗಿ ನೋಡಬೇಕು. ಎರಡರಲ್ಲಿ ಯಾವುದಿದ್ದರೂ ಸ್ಕ್ರಿಪ್ಟ್ ಬ್ಯಾಕಪ್ ಡಿಸ್ಕನ್ನು ಮೌಂಟ್ ಮಾಡುವುದೇ ಇಲ್ಲ, ಅಂದರೆ ಬಳಕೆಗೆ ಜೋಡಿಸುವುದೇ ಇಲ್ಲ.

ಪೈಪ್ ವಿಷಯ ಇನ್ನೊಂದು. ಟಾರ್‌ನ ಔಟ್‌ಪುಟ್ ಪೈಪ್ ಮೂಲಕ ನೇರ ಅದನ್ನು ಕುಗ್ಗಿಸುವ ಜಿಜಿಪ್‌ಗೆ ಹೋಗುತ್ತದೆ; ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ಸುಮ್ಮನೆ ಬಿಟ್ಟರೆ ಜಿಜಿಪ್‌ನ ಕೋಡನ್ನಷ್ಟೇ ಹೇಳುತ್ತದೆ. ಪೈಪಿನಲ್ಲಿ ಯಾವುದು ಕೆಟ್ಟರೂ ತಿಳಿಸುವ ಪೈಪ್‌ಫೇಲ್ ಹಾಕಬಹುದು, ಆದರೆ ಆಗ ಬಂದ 1 ಟಾರ್‌ನದೋ ಜಿಜಿಪ್‌ನದೋ ಗೊತ್ತಾಗುವುದಿಲ್ಲ. ಟಾರ್‌ನ 1 ನನಗೆ ಮಾಮೂಲಿ, ಜಿಜಿಪ್‌ನ 1 ಅಂದರೆ ಕೆಲಸ ಕೆಟ್ಟಿತು. ಅದಕ್ಕೇ ಪೈಪಿನ ಪ್ರತಿ ಕಮಾಂಡ್‌ನ ಕೋಡನ್ನೂ ಬೇರೆ ಬೇರೆ ಇಟ್ಟಿರುವ ಪೈಪ್‌ಸ್ಟೇಟಸ್ ಅರೇಯನ್ನು ಮರುಸಾಲಿನಲ್ಲೇ ಕಾಪಿ ಮಾಡಿಟ್ಟುಕೊಳ್ಳುತ್ತೇನೆ. ನಡುವೆ ಒಂದು ಎಕೋ ಕಮಾಂಡ್ ಬಂದರೂ ಸಾಕು, ಹಳೆಯದು ಹೋಯಿತು.

ಇಡೀ ಓಟಕ್ಕೆ ಟೈಮ್‌ಔಟ್ ಕಟ್ಟಿದ್ದೇನೆ. ಅವಧಿ ಮೀರಿದರೆ 124 ಬರುತ್ತದೆ. ಕಿಲ್ ಸಿಗ್ನಲ್ ಬಿದ್ದು ಸತ್ತರೆ 137, ಅಂದರೆ 128ಕ್ಕೆ ಆ ಸಿಗ್ನಲ್‌ನ ಸಂಖ್ಯೆ 9 ಕೂಡಿದ್ದು.

ಉಳಿದಿರುವುದು ಸ್ಕ್ರಿಪ್ಟ್ ತಾನೇ ಏನು ಹಿಂದಿರುಗಿಸಬೇಕು ಅನ್ನುವುದು. ಕೆಟ್ಟ ಫೈಲ್‌ಗಳ ಲೆಕ್ಕವನ್ನೇ ಕೊಡೋಣ ಅನ್ನುವ ಆಸೆ ಬೇಡ: ಸಿಗುವುದು 8 ಬಿಟ್, ಅಂದರೆ 255ರವರೆಗೆ ಮಾತ್ರ; 256 ಕೆಟ್ಟರೆ ಸೊನ್ನೆ ಆಗಿ ಎಲ್ಲ ಸುಸೂತ್ರ ಅಂತ ಕಾಣುತ್ತದೆ! ಡಿಸ್ಕ್ ಚುಚ್ಚಿಲ್ಲದಿದ್ದರೆ 75 (ಸದ್ಯಕ್ಕೆ ಆಗಲಿಲ್ಲ, ಆಮೇಲೆ ನೋಡು ಅನ್ನುವ ಕೋಡ್) ಕೊಟ್ಟು, ಸ್ಕ್ರಿಪ್ಟನ್ನು ಓಡಿಸುವ ಸಿಸ್ಟಮ್‌ಡಿಯ ಸರ್ವಿಸ್ ಫೈಲಿನಲ್ಲಿ ಅದನ್ನೂ ಯಶಸ್ಸು ಅಂತಲೇ ಎಣಿಸುವಂತೆ ಬರೆಯುವುದು ಮುಂದಿನ ಕೆಲಸ.