“ಹೊಳ್ಳಿ ಇಳಿಯೂದೇ ಇದ್ರ ಹತ್ತೂದ್ಯಾಕ?”

ನಾನು ರಜೆ ಸಿಕ್ಕರೆ ಬೆಟ್ಟ, ಬಂಡೆ ಹತ್ತುವವಳು. ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಓದುವಷ್ಟು ತಾಳ್ಮೆ ಇಲ್ಲದಿದ್ದರೆ ಉತ್ತರವೂ ಬೇಕಿರಲಿಲ್ಲ ಅಂತ ತಿಳಿಯುತ್ತೇನೆ.

ಪ್ರಶ್ನೆ ನಾನಾ ವೇಷದಲ್ಲಿ ಬರುತ್ತದೆ. ಆಫೀಸಿನಲ್ಲಿ “ಶನಿವಾರ ರೆಸ್ಟ್ ತಗೊಳ್ಳಲ್ವಾ?” ಸೊಸೈಟಿಯಲ್ಲಿ “ಮನೆಯವರು ಬಿಡ್ತಾರಾ?” (ಭಾನುವಾರ ಇಡೀ ದಿನ ಕ್ರಿಕೆಟ್ ನೋಡೋಕೆ ಹೆಂಡತಿ ಬಿಡ್ತಾಳಾ ಅಂತ ನಮ್ಮ ಮನೆಯವರನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ.) ಆದರೆ ಇವೆಲ್ಲ ಮರಿಗಳು. ತಾಯಿ ಪ್ರಶ್ನೆ ನಮ್ಮ ಕಾಕಾ ಕೇಳಿದ್ದು.

ಎರಡು ವರ್ಷದ ಹಿಂದೆ ಪುಣೆಯ ವಾಕಡ್‌ನಲ್ಲಿ ತಂಗಿಯ ಫ್ಲ್ಯಾಟಿನ ಗೃಹಪ್ರವೇಶ. ಧಾರವಾಡದಿಂದ ಕಾಕಾ ಬಂದಿದ್ದರು. ಅವತ್ತೇ ಲಿಫ್ಟ್ ಕೆಟ್ಟಿತ್ತು. ಏಳು ಮಹಡಿ ಮೆಟ್ಟಿಲು ಹತ್ತಿ ಬಂದರು, ಸೋಫಾ ಮೇಲೆ ಕೂತರು, ಒಂದು ತಂಬಿಗೆ ನೀರು ಕುಡಿದರು. ಆಮೇಲೆ ನನ್ನ ಮೊಣಕೈ ತರಚಿದ್ದು ಕಣ್ಣಿಗೆ ಬಿತ್ತು. ಎಲ್ಲರ ಎದುರು ಕೇಳಿದರು: “ಅಲ್ಲವಾ, ಹೊಳ್ಳಿ ಇಳಿಯೂದೇ ಇದ್ರ ಹತ್ತೂದ್ಯಾಕ?”

ಇಡೀ ಹಾಲ್ ನಕ್ಕಿತು. ಕೈಯಲ್ಲಿ ಶಿರಾ ತಟ್ಟೆ ಇತ್ತು, ನಾನೂ ನಕ್ಕೆ. ಉತ್ತರ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ. ಕಾಕಾ, ನೀವೂ ಈಗ ತಾನೇ ಏಳು ಮಹಡಿ ಹತ್ತಿದಿರಿ, ಉಂಡು ಇಳಿದು ಹೋದಿರಿ. ವರ್ಷಾ ವರ್ಷಾ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತೀರಿ, ಒಂದು ಸಲವಾದರೂ ಅಲ್ಲೇ ಉಳಿದಿದ್ದೀರಾ?

ನೇರ ಉತ್ತರ ಬೇಕಾದವರಿಗೆ: ಇಷ್ಟ, ಅದಕ್ಕೇ ಹತ್ತುತ್ತೇನೆ. ಸಹ್ಯಾದ್ರಿಯ ತೈಲಬೈಲಾದ ಬಂಡೆ ಗೋಡೆಗೆ ಬೆಳಗಿನ ಬಿಸಿಲು ಬೀಳುವ ಮುಂಚೆ ಕೈ ಇಟ್ಟರೆ ಕಲ್ಲು ತಣ್ಣಗಿರುತ್ತದೆ. ಸಹ್ಯಾದ್ರಿಯದು ಲಾವಾ ಹೆಪ್ಪುಗಟ್ಟಿದ ಕಪ್ಪು ಬಸಾಲ್ಟ್. ನಂಬಿದ ಕಲ್ಲೇ ಕೈಗೆ ಕಿತ್ತು ಬರುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನಂತೆ ಗಟ್ಟಿ ಹಿಡಿತ ಕೊಡುವುದಿಲ್ಲ. ಪ್ರತಿ ಹಿಡಿತವನ್ನೂ ಬಡಿದು, ಸದ್ದು ಕೇಳಿ, ಆಮೇಲೆ ಭಾರ ಹಾಕಬೇಕು. ಟೊಳ್ಳು ಸದ್ದು ಬಂದರೆ ಕೈ ತೆಗಿ. ಆ ಒಂದು ತಾಸಿನಲ್ಲಿ ಈಎಂಐ, ಅಪ್ರೈಸಲ್, ಮಗಳ ಗಣಿತ, ಯಾವುದೂ ತಲೆಗೆ ಬರುವುದಿಲ್ಲ. ಇದಕ್ಕಿಂತ ದೊಡ್ಡ ಅಧ್ಯಾತ್ಮ ನನ್ನ ಹತ್ತಿರ ಇಲ್ಲ, ಹುಡುಕಬೇಡಿ.

ನನಗೆ ಸಿಟ್ಟು ಬರುವುದು “ಯಾಕೆ”ಗೆ ಅಲ್ಲ. “ಇಳಿಯೂದೇ” ಅನ್ನುವುದರ ಕೊನೆಗಿರುವ ಆ “ಏ”ಗೆ. ಇಳಿಯುವುದು ಹೇಗಿದ್ದರೂ ಆಗೇ ಆಗುತ್ತದೆ ಅಂತ ಕಾಕಾ ಹಿಡಿದಿದ್ದಾರೆ. ಯಾರು ಹೇಳಿದ್ದು? 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾದಲ್ಲಿ ಪರ್ವತಾರೋಹಣ ಕಲಿಯುತ್ತಿದ್ದವರ ತಂಡದ ಮೇಲೆ ಹಿಮ ಕುಸಿಯಿತು. 27 ಜನರ ಶವ ಸಿಕ್ಕಿತು, ಇಬ್ಬರು ಆಗ ಸಿಗಲಿಲ್ಲ. ಅವರೂ ಮನೆಯಲ್ಲಿ “ಹೋಗಿ ಬರ್ತೀನಿ” ಅಂತಲೇ ಹೇಳಿ ಹೊರಟವರು.

ಬಂಡೆಯ ಮೇಲೂ ಹಾಗೇ. ಹತ್ತುವಾಗ ಎಲ್ಲರಿಗೂ ಎಚ್ಚರ ಇರುತ್ತದೆ. ಇಳಿಯುವಾಗ ಸುಸ್ತು, ಹಸಿವು, ಕತ್ತಲಾಗುವ ಗಡಿಬಿಡಿ. ಹಗ್ಗದ ತುದಿಗೆ ಗಂಟು ಹಾಕಲು ಮರೆತು, ಇಳಿಯುತ್ತಾ ಇಳಿಯುತ್ತಾ ಹಗ್ಗವೇ ಮುಗಿದು ಬಿದ್ದವರು ಎಲ್ಲ ದೇಶದಲ್ಲೂ ಇದ್ದಾರೆ. ಅರ್ಧ ನಿಮಿಷದ ಗಂಟು ಅದು.

ಇನ್ನು ಸ್ಕೀಯಿಂಗ್. ಪುಣೆಯಲ್ಲಿ ಕೂತು ಹಿಮದ ಮಾತಾಡಿದರೆ ಜನ ನಗುತ್ತಾರೆ, ನಗಲಿ. ವರ್ಷಕ್ಕೆ ಒಂದು ವಾರ ರಜೆ ಉಳಿಸಿ ಗುಲ್ಮಾರ್ಗ್‌ಗೆ ಹೋಗುತ್ತೇನೆ. ಬಾವುಟ ನೆಟ್ಟು, ಯಂತ್ರ ಓಡಿಸಿ ಸಪಾಟು ಮಾಡಿದ ಇಳಿಜಾರಿನಲ್ಲಿ ಜಾರುವುದು ಬೇರೆ. ಬ್ಯಾಕ್‌ಕಂಟ್ರಿ ಅಂದರೆ ಯಾವ ಗುರುತೂ ಇಲ್ಲದ ಹಿಮದಲ್ಲಿ ಸ್ವಂತ ಕಾಲಿನಿಂದ ಹತ್ತಿ, ಆಮೇಲೆ ಜಾರುವುದು. ಸ್ಕೀ ಹಲಗೆಯ ಅಡಿಗೆ ‘ಸ್ಕಿನ್’ ಅಂಟಿಸುತ್ತಾರೆ. ಹಿಂದೆ ಸೀಲ್ ಪ್ರಾಣಿಯ ಚರ್ಮ ಇತ್ತು, ಈಗ ನೈಲಾನ್ ಅಥವಾ ಮೊಹೇರ್. ರೋಮ ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಮೂರು ತಾಸು ಹತ್ತಿ, ಸ್ಕಿನ್ ಕಿತ್ತು ಜೇಬಿಗೆ ಹಾಕಿ, ಹತ್ತು ನಿಮಿಷದಲ್ಲಿ ಇಳಿಯುವುದು. ಅಂದರೆ ಕಾಕಾ, ಇದು ಇಳಿಯುವುದಕ್ಕೇ ಹತ್ತುವ ಆಟ. ನಿಮ್ಮ ಪ್ರಶ್ನೆಗೆ ಜಗತ್ತಿನಲ್ಲಿ ಸರಿಯಾದ ಉತ್ತರ ಇದ್ದರೆ ಅದು ಇದೊಂದೇ.

ಮೂರನೇ ಸಲ ಹೋದಾಗಿನ ಮಾತು. ಗುಲ್ಮಾರ್ಗ್‌ನ ಅಫರ್ವಟ್ ಬೆಟ್ಟದ ಏಣಿನ (ಬೆನ್ನಿನ) ಮೇಲೆ ನಾಲ್ಕು ಜನ ಇದ್ದೆವು, ಜೊತೆಗೆ ಅಲ್ಲಿಯವನೇ ಗೈಡ್. ಗೊಂಡೋಲಾ, ಅಂದರೆ ಅಲ್ಲಿನ ಕೇಬಲ್ ಕಾರ್, ಹತ್ತಿರ ಹತ್ತಿರ 4,000 ಮೀಟರಿನವರೆಗೆ ಒಯ್ಯುತ್ತದೆ, ಅಲ್ಲಿಂದ ಆಚೆ ಸ್ಕಿನ್ ಹಾಕಿ ನಡೆದಿದ್ದೆವು. ಹಿಂದಿನ ಎರಡು ರಾತ್ರಿ ಹಿಮ ಬಿದ್ದಿತ್ತು, ಗಾಳಿಯೂ ಬೀಸಿತ್ತು. ಅವತ್ತು ಆಕಾಶ ಮಾತ್ರ ತೊಳೆದಿಟ್ಟ ಹಾಗೆ. ಕೆಳಗೆ ಬಟ್ಟಲಿನಂಥ ಇಳಿಜಾರು, ಅದರಲ್ಲಿ ಆಗಲೇ ಮೂರು ನಾಲ್ಕು ಗೆರೆ. ಯಾರೋ ನಮಗಿಂತ ಮುಂಚೆ ಇಳಿದಿದ್ದರು.

ಗೈಡ್ ಸಲಿಕೆ ತೆಗೆದು ಗುಂಡಿ ತೋಡಿದ. ಮೊಣಕಾಲುದ್ದದ ಹಿಮದ ಕಂಬವೊಂದನ್ನು ಸುತ್ತಲಿನಿಂದ ಕತ್ತರಿಸಿ ಬಿಡಿಸಿದ. ಅದರ ತಲೆ ಮೇಲೆ ಸಲಿಕೆ ಇಟ್ಟು ತಟ್ಟುತ್ತಾರೆ: ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಕಂಬ ಎಷ್ಟು ತಡೆಯುತ್ತದೋ ನೋಡುವ ಪರೀಕ್ಷೆ. ನಮ್ಮದು ಮಣಿಕಟ್ಟಿನ ಮೂರನೇ ತಟ್ಟಿಗೇ ಮೇಲಿನ ಗಟ್ಟಿ ಪದರ ಕಪಾಟಿನ ಖಾನೆಯ ಹಾಗೆ ಜಾರಿ ಹೊರಬಂತು. ಅಡಿಯಲ್ಲಿ ಸಕ್ಕರೆಯಂಥ ಪುಡಿ ಹಿಮ. ಗೈಡ್ “ನಹೀ” ಅಂದ. ಸಲಿಕೆ ಮಡಚಿಟ್ಟ.

ಆಗ ನಾನು ಏನು ಅಂದೆ ಗೊತ್ತಾ? “ಅವರು ಇಳಿದಿದ್ದಾರಲ್ಲ?” ಹದಿನೈದು ವರ್ಷ ಬೆಟ್ಟ ಸುತ್ತಿದ ನಾನು, ಬೇರೆಯವರಿಗೆ ಉಪದೇಶ ಮಾಡುವ ನಾನು, ಅಂದದ್ದು ಅದು. ಟಿಕೆಟ್ ದುಡ್ಡು, ರಜೆ, ಚೆಂದದ ಬಿಸಿಲು, ಎಲ್ಲ ಸೇರಿ ಬಾಯಿಂದ ಹೊರಟಿತು. ಗೈಡ್ ನನ್ನನ್ನು ನೋಡಿದ, ಉತ್ತರ ಕೊಡಲಿಲ್ಲ.

ಬಂದ ಏಣಿನಲ್ಲೇ ವಾಪಸ್ ನಡೆದು, ಗೊಂಡೋಲಾದಲ್ಲಿ ಕೂತು ಕೆಳಗೆ ಬಂದೆವು. ಸಾವಿರಾರು ರೂಪಾಯಿ ಖರ್ಚು ಮಾಡಿ ಡಬ್ಬಿಯಲ್ಲಿ ಕೂತು ಇಳಿದದ್ದು. ಆ ಇಳಿಜಾರು ಅವತ್ತು ಕುಸಿಯಲಿಲ್ಲ. ಮರುದಿನವೂ ಕುಸಿಯಲಿಲ್ಲ. ಗೈಡ್ ಹೇಳಿದ್ದು ಸರಿಯಾಗಿತ್ತಾ, ಅತಿಯಾಯಿತಾ, ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಅದೇ ಅಫರ್ವಟ್ ಆಸುಪಾಸಿನಲ್ಲಿ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬ ಹಿಮದಡಿ ಸತ್ತರು. ಹಿಮದಲ್ಲಿ ಹೂತವರು ಹತ್ತು ಹದಿನೈದು ನಿಮಿಷದಲ್ಲಿ ಸಿಗದಿದ್ದರೆ ಬದುಕುವ ಆಸೆ ದಡಕ್ಕನೆ ಕಡಿಮೆಯಾಗುತ್ತದೆ. ಹೆಲಿಕಾಪ್ಟರ್ ಬರುವ ಹೊತ್ತಲ್ಲ ಅದು. ಬೀಕನ್ (ಹೂತವರ ಸಿಗ್ನಲ್ ಹಿಡಿಯುವ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಕೋಲು), ಸಲಿಕೆ ಹಿಡಿದ ಜೊತೆಗಾರರೇ ತೋಡಬೇಕು.

ಅವತ್ತು ಮುಂಚೆ ಇಳಿದವರ ಗೆರೆ ನೋಡಿ ನಾನು ಮರುಳಾದದ್ದಕ್ಕೆ ಶಿಕ್ಷೆ ಆಮೇಲೆ ಪುಣೆ ಹತ್ತಿರದ ರಾಜಗಡ–ತೋರಣಾ ಕೋಟೆಗಳ ನಡುವಿನ ಏಣಿನ ಮೇಲೆ ಸಿಕ್ಕಿತು. ಒಂದು ಆಗಸ್ಟ್‌ನಲ್ಲಿ ಅಲ್ಲಿ ನಡೆದು, ನಡೆದ ದಾರಿಯ ಜಿಪಿಎಕ್ಸ್ ಫೈಲನ್ನು (ಫೋನಿನ ನಕ್ಷೆಯಲ್ಲಿ ದಾರಿಯ ಗೆರೆ ತೋರಿಸುವ ಫೈಲು) ಹಂಚಿದ್ದೆ. ಮುಂದಿನ ನವೆಂಬರ್‌ನಲ್ಲಿ ಹೋದರೆ, ಎಡಗಡೆಯ ಹುಲ್ಲಿನ ಚಾಚಿನ ತುದಿಯಲ್ಲಿ, ಕಡಿದಾದ ಪ್ರಪಾತದ ಅಂಚಿಗೆ, ಏಳು ಜನ ಹುಡುಗರು ಫೋನ್ ಹಿಡಿದು ನಿಂತಿದ್ದಾರೆ. “ದಾರಿ ಇಲ್ಲೇ ತೋರಿಸ್ತಿದೆ ದೀದಿ.” ನೋಡಿದೆ. ಆ ನೀಲಿ ಗೆರೆ ನನ್ನದೇ. ಮಂಜಿನಲ್ಲಿ ಒಂದು ನಂಬರ್‌ಗೆ ಹೋಗಲು ಮರೆ ಹುಡುಕಿಕೊಂಡು ಆ ಚಾಚಿನ ತುದಿಗೆ ಹೋಗಿ ವಾಪಸ್ ಬಂದಿದ್ದೆ. ಅಷ್ಟು ತುಂಡನ್ನು ಫೈಲಿನಿಂದ ಕತ್ತರಿಸಿರಲಿಲ್ಲ. “ಇದು ಹಳೇ ಟ್ರ್ಯಾಕ್, ತಪ್ಪಿದೆ” ಅಂದು ಅವರನ್ನು ಕರೆದುಕೊಂಡು ಬಂದೆ. ಯಾರದು ಅಂತ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

“ಯಾವ ಆ್ಯಪ್ ಒಳ್ಳೇದು?” ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ, ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು. ಬಹಳಷ್ಟು ಆ್ಯಪ್‌ಗಳಲ್ಲಿ ಬೆಟ್ಟದ ಎತ್ತರದ ಲೆಕ್ಕ ಬಂದಿರುವುದು 2000ನೇ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್ 233 ಕಿಲೋಮೀಟರ್ ಮೇಲಿನಿಂದ ರೇಡಾರ್‌ನಲ್ಲಿ ಅಳೆದದ್ದರಿಂದ. ಸುಮಾರು 30 ಮೀಟರಿಗೆ ಒಂದು ಅಂಕಿ. ಎರಡು ಅಂಕಿಗಳ ನಡುವೆ 20 ಮೀಟರಿನ ನೆಟ್ಟಗಿನ ಗೋಡೆ ಇದ್ದರೆ, ಫೋನಿನಲ್ಲಿ ಅದು 34 ಡಿಗ್ರಿಯ ಇಳಿಜಾರು. ಹುಲ್ಲು ಹಿಡಿದು ಇಳಿಯಬಹುದು ಅನ್ನಿಸುವಂಥದ್ದು. ದೂರದ ಬೆಟ್ಟ ನುಣ್ಣಗೆ ಅಂತ ನಮ್ಮ ಹಿರಿಯರು 233 ಕಿಲೋಮೀಟರ್ ಮೇಲೆ ಹೋಗದೇ ಹೇಳಿದ್ದರು. ಆ್ಯಪ್ ಯಾವುದಾದರೂ ಇಟ್ಟುಕೊಳ್ಳಿ. ಅಂಚಿಗೆ ಬಂದಾಗ ಫೋನ್ ಜೇಬಿಗೆ ಹಾಕಿ.

ಹಿಂಜವಡಿಯ ನಮ್ಮ ಆಫೀಸಿನಲ್ಲಿ ನನ್ನ ಹೆಸರು ಕೆಟ್ಟಿರುವುದೂ ಇದೇ ಚಾಳಿಗೆ. ಶುಕ್ರವಾರ ಸಂಜೆ ಹೊಸ ರಿಲೀಸ್ ಅಂದರೆ ನಾನು ಕೇಳುವುದು ಒಂದೇ: “ಕೆಟ್ಟರೆ ಹಳೇದಕ್ಕೆ ವಾಪಸ್ ಹೋಗೋದು ಹೇಗೆ?” ಮೀಟಿಂಗ್‌ನಲ್ಲಿ ಎಲ್ಲರ ಮುಖ ಹುಳಿ. “ಯಾಕಿಷ್ಟು ನೆಗೆಟಿವ್?” ಅಂತಾರೆ. ಹಗ್ಗದ ತುದಿಯ ಗಂಟು ಮಾರಾಯ್ರೇ, ನೆಗೆಟಿವ್ ಏನು ಬಂತು. ಕೆಡದೇ ಇದ್ದ ಸಿಸ್ಟಮ್‌ಗೆ ಯಾರೂ ಅಪ್ರೈಸಲ್ ಕೊಡುವುದಿಲ್ಲ, ಅದು ಬೇರೆ ಮಾತು.

ರಾಜಕೀಯ ಬೇಡ ಅಂತ ಗೆಳತಿಯರು ಹೇಳಿದ್ದಾರೆ. ಸ್ವಲ್ಪವೇ. ಹೊರದೇಶದ ಬೆಟ್ಟಗಳಲ್ಲಿ ಅಂಗೈಯಗಲದ ಸ್ಯಾಟಲೈಟ್ ಯಂತ್ರ ಹಿಡಿದು ಓಡಾಡುತ್ತಾರೆ. ಕಾಲು ಮುರಿದರೆ ಬಟನ್ ಒತ್ತಿ ಸಹಾಯ ಕೇಳಬಹುದು. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಗೊತ್ತಿಲ್ಲದೆ ತಂದ ವಿದೇಶಿಯರನ್ನು ಗೋವಾ ವಿಮಾನ ನಿಲ್ದಾಣದಲ್ಲೇ ಹಿಡಿದಿದ್ದಾರೆ. 2008ರಲ್ಲಿ ಮುಂಬೈಗೆ ಬಂದ ಉಗ್ರರ ಬಳಿ ಸ್ಯಾಟಲೈಟ್ ಫೋನ್ ಇತ್ತು, ಭಯ ಅರ್ಥವಾಗುತ್ತದೆ. ಆದರೆ ಹೆಸರು ವಿಳಾಸ ಬರೆಸಿಕೊಂಡು ಬಾಡಿಗೆಗೆ ಕೊಡಬಹುದಲ್ಲ? ಅದಾಗಲ್ಲ. ಮಳೆಗಾಲದಲ್ಲಿ ಒಂದು ದುರಂತ ಆದರೆ ಜಿಲ್ಲೆಯ ಅರ್ಧ ಬೆಟ್ಟಕ್ಕೆ ನಿಷೇಧ ಹಾಕುವುದು ಮಾತ್ರ ಒಂದೇ ದಿನದಲ್ಲಿ ಆಗುತ್ತದೆ. ಹೆಣ ಎತ್ತಲು ಕೊನೆಗೆ ಬರುವವರು ಲೋಣಾವಳದ ಶಿವದುರ್ಗ ಮಿತ್ರದಂಥ ತಂಡಗಳ ಹುಡುಗರು, ಸ್ವಂತ ಕೆಲಸ ಬಿಟ್ಟು.

ಮತ್ತೆ, ಸುದ್ದಿಯಾಗುವುದು ಹತ್ತಲು ಹೋದ ನಾವು. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ್‌ನಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. 2023ರಲ್ಲಿ ಇರ್ಶಾಳವಾಡಿ ಊರಿನದೂ ಅದೇ ಕಥೆ. ಅವರು ಎಲ್ಲಿಗೂ ಹತ್ತಿರಲಿಲ್ಲ, ಮನೆಯಲ್ಲಿದ್ದರು. ಬೆಟ್ಟವೇ ಇಳಿದು ಬಂತು. ಪಶ್ಚಿಮ ಘಟ್ಟವನ್ನು ಹೀಗೆ ಕೆರೆಯಬೇಡಿ ಅಂತ ಪುಣೆಯವರೇ ಆದ ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ವರದಿ ಕೊಟ್ಟಿತ್ತು. ಅದು ಮಹಾರಾಷ್ಟ್ರಕ್ಕೂ ಬೇಡವಾಯಿತು, ನಮ್ಮ ಕರ್ನಾಟಕಕ್ಕೂ ಬೇಡವಾಯಿತು. ಗಡಿ ವಿಷಯದಲ್ಲಿ ಹೊಡೆದಾಡುವ ಇಬ್ಬರೂ ಒಂದಾದದ್ದು ಇದೊಂದರಲ್ಲಿ. ಆಯಿತು, ರಾಜಕೀಯ ಮುಗಿಯಿತು.

ನನಗೆ ಬೇಕಾದ ಪ್ರಶ್ನೆ ಬೇರೆ ಇದೆ. ಅದನ್ನು ಕೇಳುವವರು ರಾಜಗಡದ ಬುಡದ ಗುಂಜವಣೆ ಹಳ್ಳಿಯ ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ). ಅವರ ಮನೆಯಲ್ಲಿ ಇಳಿದ ಮೇಲೆ ಊಟ: ಪಿಠಲ, ಭಾಕರಿ, ಖರ್ಡಾ ಅನ್ನುವ ಹಸಿಮೆಣಸಿನಕಾಯಿ ಚಟ್ನಿ. (ಪಿಠಲ ಅಂದರೆ ನಮ್ಮ ಝುಣಕಾನೇ, ಸ್ವಲ್ಪ ತೆಳ್ಳಗೆ. ಈ ಮಾತು ಪುಣೆಯಲ್ಲಿ ಜೋರಾಗಿ ಹೇಳಬೇಡಿ.) ಬೆಳಿಗ್ಗೆ ಹೊರಡುವಾಗ ಅವರು ಯಾಕೆ ಅಂತ ಕೇಳುವುದಿಲ್ಲ. “ಕಿತಿ ಜಣ?” ಅಂತಾರೆ, ಎಷ್ಟು ಜನ? ಊಟದ ಲೆಕ್ಕಕ್ಕೆ ಅಂತ ಮೊದಲು ತಿಳಿದಿದ್ದೆ.

ಒಂದು ಸಲ ಆರು ಜನ ಹತ್ತಿ ಐದು ಜನ ಇಳಿದೆವು. ಆರನೆಯವನು ಕೋಟೆಯ ಇನ್ನೊಂದು ಬಾಗಿಲಾದ ಪಾಲಿ ದರವಾಜೆಯ ಕಡೆಯಿಂದ ಇಳಿದು ಗೆಳೆಯನ ಕಾರಿನಲ್ಲಿ ಹೋಗಿದ್ದ. ಮಾವಶಿ ನಮ್ಮನ್ನು ಎಣಿಸಿದರು. “ಸಹಾವಾ ಕುಠಾಯ್?” ಆರನೆಯವನೆಲ್ಲಿ? ಆ ಕಡೆ ಇಳಿದ ಅಂದೆವು. ನೋಡಿದ್ದೀರಾ ಅಂದರು. ಇಲ್ಲ, ಇಳೀತೀನಿ ಅಂದಿದ್ದ. ಒಲೆಯ ಮೇಲಿನ ಪಿಠಲ ಇಳಿಸಿ ಮುಚ್ಚಿಟ್ಟು, ಫೋನ್ ಮಾಡಿ ಅಂದರು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಹೊಟ್ಟೆ ತಾಳ ಹಾಕುತ್ತಿದ್ದ ಐದು ಜನರನ್ನೂ ರಸ್ತೆಯ ತಿರುವಿನವರೆಗೆ ನಡೆಸಿಕೊಂಡು ಹೋದರು. ಮೂರನೇ ಸಲಕ್ಕೆ ಅವನು ಎತ್ತಿದ, ಕಾರಿನಲ್ಲಿ ಮಲಗಿದ್ದನಂತೆ. ಮಾವಶಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಕೇಳಿದರು: “ಖಾಲೀ ಆಲಾಸ್ ಕಾ?” ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ. ಕೆಳಗೆ ಬಂದೆಯಾ?

ವಾಪಸ್ ಬಂದು ಒಲೆ ಹಚ್ಚಿದರು, ಭಾಕರಿ ಬಡಿದರು. ದುಡ್ಡು ಕೊಡುವಾಗ ಐದು ಊಟದ್ದು ಎಣಿಸಿ ಕೊಟ್ಟೆ. ಇನ್ನೊಂದು ಊಟದ್ದೂ ಕೊಡು ಅಂತ ಮಾವಶಿ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಅವನಿಗೂ ಸೇರಿಸಿ ಬೆಳಿಗ್ಗೆಯೇ ಹಿಟ್ಟು ತೆಗೆದಿಟ್ಟಿದ್ದರಂತೆ.